ಕೊಲ್ಲಾಪುರಮ್ಮನ ಮಂಡಿ

ನಿಡುಗಲ್ಲಿನ ಕೊಲ್ಲಾಪುರಮ್ಮನಿಗೆ ಸುಮ್ಮನೆ ಕೂರುವುದೆಂದರೆ ಆಗದು. ಬೆಳಗಾದರೆ ಮೇಕೆ ಹೊಡೆದುಕೊಂಡು ಬೆಟ್ಟದ ಕಡೆ ಹೊರಟುಬಿಡುವಳು. ಅಂಥವಳು ಒಂದು ದಿನ ತುಂಟ ಮರಿಯೊಂದನ್ನು ಹಿಡಿಯಹೋಗಿ ಬಂಡೆಯಿಂದ ಧುಮುಕಿ ಮಂಡಿ ಊದಿಸಿಕೊಂಡಳು. ಮರಿಗೇನೂ ಆಗಲಿಲ್ಲ, ಅದರ ಕೊಬ್ಬು ಅದಕ್ಕೆ.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಲೋಹಿತಾ ಸ್ಕ್ಯಾನಿಂಗ್ ಫಿಲಂ ತೋರಿಸಿದರು. ಮಂಡಿಯೊಳಗೆ ಮೂಳೆಗೆ ಮೂಳೆ ಬಿಗಿದಿರುವ ಪಟ್ಟಿ ಹರಿದಿಲ್ಲ, ತಾನು ಅಂಟಿದ್ದ ಮೂಳೆಯ ಚೂರನ್ನೇ ಕಿತ್ತುಕೊಂಡು ಎದ್ದಿದೆ ಎಂದರು.

“ಹಗ್ಗ ನೆಟ್ಟಗೈತೆ, ಗೂಟ ಕಿತ್ತೈತೆ ಅನ್ನಿ,” ಎಂದಳು ಕೊಲ್ಲಾಪುರಮ್ಮ.

ಡಾಕ್ಟರು ನಕ್ಕುಬಿಟ್ಟರು. “ಹೌದಮ್ಮ. ಮಂಡಿ ಕೊಯ್ದು ತೆರೆಯೋದಿಲ್ಲ. ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಟೀವೀಲಿ ನೋಡ್ಕೊಂಡು ಆ ಚೂರನ್ನ ಅದರ ಜಾಗದಲ್ಲೇ ಕೂರಿಸ್ತೀವಿ.”

“ಆಮ್ಯಾಕೆ ಕುಕ್ಕರಗಾಲಲ್ಲಿ ಕುಂತ್ಕಳಾಕಾಯ್ತದಾ ತಾಯಿ?” ಹಾಗೆ ಕೂರದೆ ಮೇಕೆಯ ಹಾಲು ಕರೆಯುವುದುಂಟೆ?

“ಹೇಳಿದ ವ್ಯಾಯಾಮ ಬಿಡಬೇಡಿ. ನಾನು ಹೇಳೋವರೆಗೂ ಹಾಗೆ ಕೂರಬೇಡಿ.”

ಆಪರೇಷನ್ ಮುಗಿಸಿ ಊರಿಗೆ ಬಂದಾಗ ಗಾಯ ನೋಡಲು ಬಂದವರೆಲ್ಲ ನಿರಾಶರಾದರು. ನಾದಿನಿ ಗಂಗಾಲಕ್ಷ್ಮಿ ಬಗ್ಗಿ ಬಗ್ಗಿ ನೋಡಿದಳು. “ಇಷ್ಟೇನಾ ಅತ್ಗೆ? ಜಾಲಿಮುಳ್ಳು ಚುಚ್ಚಿದಂಗೈತೆ. ಆಪ್ರೇಸನ್ ಮಾಡವ್ರೋ, ಅಂಗೇ ಕಳ್ಸವ್ರೋ?” ತಂದ ಬಾಳೆಹಣ್ಣಿಗೆ ತಕ್ಕ ಗಾಯವಿಲ್ಲ ಎಂಬಂತಿತ್ತು ಅವಳ ಮುಖ.

ಗಂಡ ಹುಚ್ಚಣ್ಣನದು ಇನ್ನೊಂದು ಬಗೆ. ಹೆಂಡತಿ ವಾಕರ್ ಹಿಡಿದು ನಡೆಯುವುದನ್ನು ಕಂಡು, ಈ ಕಾಲು ಇನ್ನು ಬೆಟ್ಟ ಹತ್ತದು ಎಂದು ಅವನೇ ತೀರ್ಮಾನಿಸಿಬಿಟ್ಟ. ಮೇಕೆ ಮಾರೋಣ ಎಂದು ಹಟ ಹಿಡಿದ.

“ಡಾಕ್ಟ್ರಮ್ಮ ಕುಂತ್ಕ ಅನ್ನೋಗಂಟ ತಡಿ. ಅವತ್ತೂ ಕುಂತ್ಕಳಾಕಾಗ್ದಿದ್ರೆ ಮಾರ್ಕ,” ಎಂದಳು. ಬಾಯಲ್ಲಿ ಹಾಗೆಂದರೂ ಅವಳ ಜೀವ ಹಿಡಿಯಷ್ಟಾಗಿತ್ತು. ಮೇಕೆಗಳಿಲ್ಲದ ಬೆಳಗನ್ನು ಅವಳು ಕಂಡವಳೇ ಅಲ್ಲ. ವ್ಯಾಯಾಮಕ್ಕೆಂದು ಹಿಮ್ಮಡಿ ಜಾರಿಸಿ ಮಂಡಿ ಮಡಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆ ತುಂಟ ಮರಿಯನ್ನು ಬಾಯ್ತುಂಬ ಬೈಯುತ್ತಾ ಮತ್ತೆ ಮಡಿಸುವಳು.

ಅವರೆಕಾಯಿ ಕಾಲಕ್ಕೆ ಡಾಕ್ಟರು, ಇನ್ನು ಮೆಲ್ಲಗೆ ಕುಕ್ಕರಗಾಲಲ್ಲಿ ಕೂರಬಹುದು ಎಂದರು. ಮರುದಿನ ಬೆಳಗ್ಗೆಯೇ ಶಿರಾದ ಮೇಕೆ ವ್ಯಾಪಾರಿ ಬಾಬಾಜಾನ್ ಸಾಬರು ಮನೆ ಮುಂದೆ ನಿಂತಿದ್ದರು. ಹುಚ್ಚಣ್ಣ ಅಷ್ಟು ಆತುರದವನು.

ಸಾಬರು ಮೇಕೆಯೊಂದರ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಕೊಲ್ಲಾಪುರಮ್ಮ ಚೆಂಬು ಹಿಡಿದು ಕರಿಮೇಕೆಯ ಹಿಂದೆ ಹೋಗಿ ಮೆಲ್ಲಗೆ ಬಗ್ಗಿದಳು. ಅರ್ಧಕ್ಕೆ ಮಂಡಿ ಬಿಗಿಯಿತು. ಹುಚ್ಚಣ್ಣನೂ ಉಸಿರು ಬಿಗಿಹಿಡಿದ. ಅವಳು ಕಣ್ಣು ಮುಚ್ಚಿ ಇನ್ನಷ್ಟು ಇಳಿದಳು, ಇಳಿದು ಕುಕ್ಕರಗಾಲಲ್ಲಿ ಕುಳಿತೇಬಿಟ್ಟಳು. ಹಾಲು ಚೊರ್ರೆಂದು ಚೆಂಬಿಗೆ ಬಿತ್ತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಸಾಬರು ಮೇಕೆಯನ್ನು ಬಿಟ್ಟು ಕೈ ಒರೆಸಿಕೊಂಡರು. “ಇವತ್ತು ಸೌದಾ ಆಗಂಗಿಲ್ಲ ಬುಡು ಹುಚ್ಚಣ್ಣ.”

“ಬಂದಿದ್ ಬಂದ್ರಿ, ಟೀ ಕುಡ್ಕಂಡ್ ಹೋಗಿ ಸಾಬ್ರೆ,” ಎನ್ನುತ್ತಾ ಕೊಲ್ಲಾಪುರಮ್ಮ ಕುಳಿತಲ್ಲಿಂದಲೇ ಚೆಂಬನ್ನು ಗಂಡನತ್ತ ಚಾಚಿದಳು. “ತಗಾ, ಒಲೆ ಮ್ಯಾಲಿಕ್ಕು. ನಾನಿನ್ನೂ ವಸಿ ಹೊತ್ತು ಕುಂತ್ಕಂಡಿರ್ತೀನಿ.”

ಮೇಕೆ ಮಾರಲು ನಿಂತಿದ್ದ ಯಜಮಾನ ಟೀ ಕಾಸಲು ಒಳಗೆ ಹೋದ.