ಬುಧವಾರದ ಮಂದಿ

ಗಜೇಂದ್ರಗಡದ ಮಧುಮತಿ ನೇದ ಚೌಕಡಿ ಸೀರಿ ಹಾಸಿ ನೋಡಿದ್ರ ಸಾಕು, ಆಕೀ ಮನಸ್ಸು ಎಲ್ಲೆಲ್ಲಿ ಓಡಿಹೋಗಿತ್ತು ಅಂತ ಬೆರಳಿಟ್ಟು ಹೇಳಬಹುದಿತ್ತು. ಚೌಕಡಿ ಅಂದ್ರ ಲೆಕ್ಕದ ಕೆಲಸ ನೋಡ್ರಿ. ಇಷ್ಟು ಎಳಿ ಕೆಂಪು ಹೊಡದ ಮ್ಯಾಲೆ ಇಷ್ಟು ಎಳಿ ಹಳದಿ, ಮತ್ತ ಕೆಂಪು. ಲಾಳಿ ಒಗಿಯೂ ಕೈ ಲೆಕ್ಕ ಮರೀತೋ, ಚೌಕ ಆಗಬೇಕಾದ್ದು ಉದ್ದ ಆತು. ಈ ಅಂಚಿನಿಂದ ಆ ಅಂಚಿನ ತನಕ ಒಂದು ಸಾಲು ಪೂರಾ ಕೆಟ್ಟು ಕುಂದರತೈತಿ. ಮುಂದ ಗೇಣುದ್ದ ನೇದ ಮ್ಯಾಲೆ ಕಂಡ್ರ ಬಿಚ್ಚೂದಾದ್ರೂ ಹ್ಯಾಂಗ?

"ಇಲ್ಲಿ ಕುಕ್ಕರ್ ಸೀಟಿ ಹೊಡದೈತಿ. ಇಲ್ಲಿ ಮಗ್ಗಲ ಮನಿ ಎಮ್ಮಿ ಒದರೇತಿ. ಇಲ್ಲೇನಾತವಾ, ಕಾಗಿ ಹಾರೇತೇನು?" ಅಂತ ಅತ್ತಿ ಚೌಡವ್ವ ಸಾಲು ತೋರಿಸಿ ತೋರಿಸಿ ಬೈತಿದ್ಲು. ಆಕಿ ಹೇಳೂದು ಖರೇನ ಇರತಿತ್ತು, ಅದಕ ಮಧುಮತಿಗೆ ಮತ್ತಿಷ್ಟು ಉರೀತಿತ್ತು.

ಮೈಗಳ್ಳಿ ಅಂತೂ ಅಲ್ಲ ಬಿಡ್ರಿ. ಮೂರು ಮಂದಿ ಮಾಡೂ ಕೆಲಸ ಒಬ್ಬಾಕೀನ ಶುರು ಮಾಡ್ತಿದ್ಲು. ತ್ರಾಸು ಏನಂದ್ರ, ಮೂರೂ ಅರ್ಧಕ್ಕ ನಿಲ್ತಿದ್ವು. ಹಿಟ್ಟು ನಾದಕೋಂತ ಕುಂತಾಕಿ ನಳಕ್ಕ ನೀರು ಬಂತಂತ ಎದ್ದು, ನೀರು ಹಿಡಿಯಾಕ ಹೋದಾಕಿ ಬೀದ್ಯಾಗ ಬಂದ ಬಳಿಗಾರನ ಜೋಡಿ ಮಾತಿಗೆ ನಿಂತು, ಹಿಟ್ಟಿನ ಕೈಲೇ ಬಳಿ ಇಟಗೊಂಡು ಬರ್ತಿದ್ಲು. ಒಮ್ಮೆ ಲಾಳಿ ಸೊಂಟಕ್ಕ ಸಿಗಿಸಿಕೊಂಡು ಮನಿ ತುಂಬ ಲಾಳಿ ಹುಡುಕ್ಯಾಳ. ಕಡೀಕ ಗಂಡ ಶರಣುನ ಆಕೀ ಸೊಂಟಕ್ಕ ಬೆರಳು ಮಾಡಿ ತೋರಿಸಿದ.

ಮೊದಲು ಇಷ್ಟು ತಪ್ಪು ಬೀಳತಿರಲಿಲ್ಲ. ಅತ್ತಿ ಸೊಸಿ ಮಗ್ಗ ಅಕ್ಕಪಕ್ಕ ಇದ್ವು. ಚೌಡವ್ವನ ಮಗ್ಗ ಟಕಾ ಟಕಾ ಅಂದ್ರ ಇಕೀದೂ ಟಕಾ ಟಕಾ. ಮಂಡಿ ನೋವು ಅಂತ ಚೌಡವ್ವ ಮಗ್ಗ ಬಿಟ್ಟ ಮ್ಯಾಲೆ ಚೌಕಡಿ ಕೆಡಾಕ ಹತ್ತಿದ್ವು. ಎರಡಕ್ಕೂ ಸಂಬಂಧ ಐತಿ ಅಂತ ಯಾರಿಗೆ ಹೊಳೀಬೇಕು?

ನೂಲು ಕೊಟ್ಟು ಸೀರಿ ನೇಸೂ ಸಾವಕಾರ ಗುರುಸಂಗಪ್ಪ ಭಾಳ ದಿನ ತಡಕೊಂಡ. ಕಡೀಕ ಒಂದಿನ ಬಂದು, "ಮಧುಮತಿ, ಇದೊಂದು ಹಾಸು ನೂಲು ಕೊಡ್ತೀನಿ, ನಾಕೈದು ಸೀರಿ ಆಗತಾವು. ಇದರಾಗೂ ಹಿಂಗ ಕೆಟ್ರ ಮುಂದ ನನ್ನ ನೂಲು ಕೇಳಬ್ಯಾಡವಾ" ಅಂದ. ಶರಣು ಸಮಾಧಾನ ಮಾಡಾಕ ಹೋಗಿ, "ಹೋಗ್ಲಿ ಬಿಡು, ಮಗ್ಗ ಕಿತ್ತು ಅಲ್ಲೊಂದು ಹಿಟ್ಟಿನ ಗಿರಣಿ ಹಾಕೂಣು" ಅಂದಬಿಟ್ಟ. ಅವತ್ತ ಮಧುಮತಿ ಉಣಲಿಲ್ಲ. ಆಕಿಗೆ ಜಗತ್ತಿನ್ಯಾಗ ಬರೂದು ಅದೊಂದ ಕೆಲಸ, ಮನಸ್ಸಿಗೆ ಸೇರೂದೂ ಅದೊಂದ.

ಆ ವಾರ ಆಶಾ ಕಾರ್ಯಕರ್ತೆ ರಾಜಮಾ ಏನೋ ಸರ್ವೆ ಅಂತ ಬಂದ್ಲು. ಮಾತಾಡಕೋಂತ ಮಧುಮತಿ ಚಹಾಕ್ಕಿಟ್ಟು ಮರತ್ಲು, ಹೊತ್ತಿದ ಪಾತೇಲಿ ನೆನಸಿಟ್ಟು ಮತ್ತ ಚಹಾಕ್ಕಿಟ್ಟು, ಅದನ್ನೂ ಮರತ್ಲು. ರಾಜಮಾ ನಗಲಿಲ್ಲ. "ಮಧುಮತಕ್ಕಾ, ಸಣ್ಣಾಕಿದ್ದಾಗಿಂದ ಹಿಂಗನ ಏನ? ರೋಣದ ದವಾಖಾನಿಗೆ ಮಂಗಳವಾರ ಮನಸಿನ ಡಾಕ್ಟರಮ್ಮ ಬರ್ತಾರ. ಒಮ್ಮೆ ತೋರಿಸಿಕೊಂಡು ಬಾ" ಅಂದ್ಲು.

"ನನಗೇನು ಹುಚ್ಚ ಹಿಡದೈತೇನ?"

"ಕಣ್ಣು ಮಂಜಾದ್ರ ಚಸ್ಮಾ ಹಾಕ್ಕೋತಿ. ಇದೂ ಹಂಗ. ಹೋಗಿ ಬಾ ಯಕ್ಕಾ."

ಹೋಗೂದೇನು ಸಸಾರ ಆತೇನ್ರಿ? ಮೊದಲನೇ ಮಂಗಳವಾರ ಮರತ್ಲು. ಎರಡನೇ ಮಂಗಳವಾರ ಬಸ್‌ಸ್ಟ್ಯಾಂಡಿನ ತನಕ ಹೋದ್ಲು. ಅಲ್ಲಿ ಒಬ್ಬಾಕಿ ಕೆಂಪಗಿನ ಮೆಣಸಿನಕಾಯಿ ರಾಶಿ ಹಾಕಿಕೊಂಡು ಕುಂತಿದ್ಲು. ಆರಿಸಿ ಆರಿಸಿ ಚೀಲ ತುಂಬ ತುಂಬಿಕೊಂಡು, ಖುಷಿಲೆ ಮನಿಗೆ ಬಂದು, ಚೀಲ ಇಳುವಿದ ಮ್ಯಾಲೆ ಹಣಿ ಹಣಿ ಬಡಕೊಂಡ್ಲು. ಮೂರನೇ ಸಲ ಮಾತ್ರ ಎಡಕ್ಕ ನೋಡಲಿಲ್ಲ, ಬಲಕ್ಕ ನೋಡಲಿಲ್ಲ, ಸೀದಾ ರೋಣದ ಬಸ್ ಹತ್ತಿ ದವಾಖಾನಿ ಮುಟ್ಟಿದ್ಲು. ಎಷ್ಟು ಹೆಮ್ಮಿ ಅಂತೀರಿ!

ಅವತ್ತ ಬುಧವಾರ ಇತ್ತು.

ಡಾಕ್ಟರಮ್ಮನ ಖೋಲಿಗೆ ಕೀಲಿ. ಹೊರಗ ಬೆಂಚಿನ ಮ್ಯಾಲೆ ಇಬ್ಬರು ಕುಂತಿದ್ರು. ಒಬ್ರು ರಾಜೂರ ಸಾಲಿ ಮಾಸ್ತರ ಇಮ್ರಾನ, ಇನ್ನೊಬ್ಬಾಕಿ ಅಬ್ಬಿಗೇರಿಯೊಳಗ ಕುಬಸ ಹೊಲಿಯೂ ಖಾತುನಬಿ. ನರ್ಸಬಾಯಿ ಬಂದು ಮೂವರನ್ನೂ ನೋಡಿ, ಬಾಯಿಗೆ ಸೆರಗು ಹಿಡದು ನಕ್ಕಬಿಟ್ಲು. "ಡಾಕ್ಟರ್ ಬರೂದು ಮಂಗಳವಾರ್ರಿ. ಆದ್ರ ಬುಧವಾರ ಬರಾವ್ರು ಖರೇನ ಅವರ ಪೇಶಂಟ್ ನೋಡ್ರಿ!"

ಮಧುಮತಿಗೆ ನೆಲ ಬಾಯಿ ಬಿಟ್ರ ಇಳದುಹೋಗಬೇಕು ಅನಿಸ್ತು. ಅಷ್ಟರಾಗ ಮಾಸ್ತರ, "ನಂದು ಇದು ಎರಡನೇ ಬುಧವಾರ್ರಿ" ಅಂದ. ಖಾತುನಬಿ, "ಅಯ್ಯ, ನಾನು ಹೋದ ಸಲ ಸೋಮವಾರನ ಬಂದಿದ್ನೆಪಾ" ಅಂದ್ಲು. ಮೂವರೂ ಒಬ್ಬರ ಮಾರಿ ಒಬ್ಬರು ನೋಡಿ ನಗಾಕ ಹತ್ತಿದ್ರು. ತನ್ನಂಥಾವ್ರು ಇನ್ನೂ ಇಬ್ಬರು ಭೂಮಿ ಮ್ಯಾಲೆ ಅದಾರ ಅಂತ ಮಧುಮತಿಗೆ ಅವತ್ತ ಗೊತ್ತಾತು. ಫೋನ್ ನಂಬರ್ ಕೊಟ್ಟು ತಗೊಂಡು, ಮುಂದಿನ ಮಂಗಳವಾರ ಹೊತ್ತು ಹೊಂಡೂದ್ರಾಗ ಒಬ್ಬರನ್ನೊಬ್ಬರು ಎಬ್ಬಿಸೂದು ಅಂತ ಮಾತಾತು.

ಆ ಮಂಗಳವಾರ ಮೂವರೂ ಹಾಜರ್. ಡಾಕ್ಟರಮ್ಮ ಮಧುಮತಿಗೆ ಸಾಲಿಗೆ ಹೋಗೂ ವಯಸ್ಸಿನ ಸುದ್ದಿಯಿಂದ ಹಿಡದು ಎಲ್ಲಾ ಕೇಳಿದ್ರು, ಶರಣುಗೂ ಫೋನ್ ಹಚ್ಚಿ ಕೇಳಿದ್ರು. ಮತ್ತೆರಡು ಸಲ ಕರಿಸಿಕೊಂಡ ಮ್ಯಾಲೆ, "ಇದಕ್ಕ ಎ.ಡಿ.ಎಚ್.ಡಿ. ಅಂತಾರವಾ. ಹುಟ್ಟಿನಿಂದ ಬಂದದ್ದು. ಗಮನ ಇಲ್ಲ ಅಂತಲ್ಲ, ಬೇಕಂದ ಕಡೆ ನಿಲ್ಲಾಂಗಿಲ್ಲ" ಅಂದ್ರು.

"ಹಂಗಾರ ನಾ ಬೇಫಿಕೀರಿ ಹೆಣಮಗಳಲ್ಲೇನ್ರಿ?"

"ಅಲ್ಲವಾ."

ಇಷ್ಟು ವರ್ಷದಾಗ ಆಕಿಗೆ ಹಂಗ ಯಾರೂ ಅಂದಿರಲಿಲ್ಲ. ಅಲ್ಲೇ ಕುರ್ಚಿ ಮ್ಯಾಲೆ ಗಳಗಳ ಅತ್ತಳು. ಅತ್ತು ಹಗುರಾದ ಮ್ಯಾಲೆ ಗುಳಿಗಿ ಚೀಟಿ ಇಸಗೊಂಡ್ಲು. ಡಾಕ್ಟರಮ್ಮ ಮತ್ತೊಂದು ಮಾತು ಹೇಳಿದ್ರು. "ಗುಳಿಗಿ ಅರ್ಧ ಕೆಲಸ ಮಾಡತಾವು. ಇನ್ನರ್ಧಕ್ಕ ಜೊತಿ ಬೇಕು. ಪಕ್ಕದಾಗ ಒಬ್ರು ಕುಂತು ತಮ್ಮ ಕೆಲಸ ತಾವು ಮಾಡಕೋಂತಿದ್ರೂ ಸಾಕು, ನಿನ್ನ ಮನಸ್ಸು ನಿಲ್ಲತೈತಿ."

ಟಕಾ ಟಕಾ! ಮಧುಮತಿ ಕಿವ್ಯಾಗ ಅತ್ತಿ ಮಗ್ಗ ಬಡೀತು.

ಮುಂದಿನ ಬುಧವಾರ ಸಂಜಿಮುಂದ ಮೂವರೂ ಆಕೀ ಮಗ್ಗದ ಮನ್ಯಾಗ ಕೂಡಿದ್ರು. ಬುಧವಾರನ ಯಾಕಂದ್ರ, ಅವರಿಗೆ ನೆನಪಿರೂ ದಿನ ಅದೊಂದ ಆಗಿತ್ತು. ಮಾಸ್ತರ ತಿಂಗಳಗಟ್ಟಲೆ ತಿದ್ದದ ಉತ್ತರಪತ್ರಿಕಿ ಗಂಟು ತಂದ. ಖಾತುನಬಿ ಹುಕ್ಕು ಹಚ್ಚದ ಕುಬಸ ತಂದ್ಲು. ನಡುವ ಮಧುಮತಿ, ಇಷ್ಟು ದಿನ ಅಂಜಿ ಮುಟ್ಟದ ಇಟ್ಟಿದ್ದ ಸಾವಕಾರನ ಹಾಸು ಮಗ್ಗಕ್ಕ ಏರಿಸಿ ಲಾಳಿ ಒಗದ್ಲು. ಚೌಡವ್ವ ಬಾಗಲದಾಗ ನಿಂತು, "ಇದೇನ್ ಮಗ್ಗದ ಮನಿಯೋ ಸಂತಿಯೋ?" ಅಂತ ಗುರ್ ಅಂದ್ಲು. ಎರಡನೇ ವಾರ ಗೊಣಗಕೋಂತ ಚಹಾ ತಂದ್ಲು. ಮೂರನೇ ವಾರ ಕೈಯಾಗ ಚರಕ ಹಿಡದು ಬಂದು, ಗ್ವಾಡಿಗೆ ಆತು ಕಾಲು ಚಾಚಿ, ಸೊಸಿ ಲಾಳ್ಯಾಗ ಹಾಕೂ ನೂಲಿನ ಕಂಡಕಿ ಸುತ್ತಾಕ ಕುಂತ್ಲು. ಬುಧವಾರ ಅಷ್ಟ ಅಲ್ಲ, ದಿನಾ ಕುಂದ್ರಾಕ ಹತ್ತಿದ್ಲು. ಚೌಕಡಿ ಚೌಕಾಗಾಕ ಹತ್ತಿದ್ವು ನೋಡ್ರಿ! ಒಂದು ಸೀರಿ ಇಳೀತು, ಮತ್ತೊಂದು ಇಳೀತು, ಹುಡುಕಿದ್ರೂ ತಪ್ಪಿಲ್ಲ.

ಕಡೇ ಸೀರಿ ಮಗ್ಗದ ಮ್ಯಾಲಿದ್ದಾಗ ಒಂದು ಬುಧವಾರ ಮಾಸ್ತರ ಕೆಂಪು ಪೆನ್ನು ಹಿಡದು ತಲಿ ಎತ್ತದ ಪೂರಾ ಗಂಟು ತಿದ್ದಿ ಮುಗಿಸಿದ. "ಮುಗೀತ್ರಿ! ಜೀವನದಾಗ ಮೊದಲನೇ ಸಲ!" ಅಂತ ಗಂಟು ಕಟ್ಟಾಕ ಹೋಗಿ ಹಂಗ ನಿಂತ. "ಅಲ್ಲೋ ಮಾರಾಯ... ಇವು ಕನ್ನಡದ ಪೇಪರ್. ನಾನು ಗಣಿತದ ಮಾಸ್ತರ!"

ಬ್ಯಾರೆ ಮಾಸ್ತರನ ಗಂಟು ಎತ್ತಿಕೊಂಡು ಬಂದಿದ್ದ ಪುಣ್ಯಾತ್ಮ. ಖಾತುನಬಿ ಕುಬಸ ಒಗದು ನೆಲಕ್ಕ ಉಳ್ಳಾಡಿ ನಕ್ಕಳು. ಯಾವತ್ತೂ ಹಲ್ಲು ಕಾಣಿಸದ ಚೌಡವ್ವ ಕಣ್ಣಾಗ ನೀರು ಬರೂಹಂಗ ನಕ್ಕಳು. ಮಧುಮತಿ ನಕ್ಕೋಂತನ ಲಾಳಿ ಒಗದ್ಲು, ಒಗದ್ಲು, ಒಗದ್ಲು. ಮರುದಿನ ಮುಂಜಾನೆ ನೋಡತಾಳ, ಹಳದಿ ಸಾಲು ಉದ್ದಾಗಿ ಕುಂತೈತಿ. ಅದರ ಮ್ಯಾಲೆ ಗೇಣುದ್ದ ನೇದಾಗೇತಿ, ಬಿಚ್ಚಾಕೂ ಬರಾಂಗಿಲ್ಲ.

ಗುರುಸಂಗಪ್ಪ ಬಂದು ಒಂದೊಂದ ಸೀರಿ ಹಾಸಿ, ಬಗ್ಗಿ, ಕೈಯಾಡಿಸಿ ನೋಡಿದ. ಕಡೇದಕ್ಕ ಬಂದು ಅವನ ಕೈ ನಿಂತಿತು. ಮಧುಮತಿ, "ಅದು ಕೆಟ್ಟೈತ್ರಿ ಸಾವಕಾರ್ರ. ಮುಚ್ಚಿಡಾಂಗಿಲ್ಲ" ಅಂದ್ಲು.

ಅವ ಆ ಸೀರಿ ಮಡಚಿ ಬಾಜೂಕ ಇಟ್ಟ. ಉಳದದ್ದೆಲ್ಲಾ ಬಗಲಾಗ ಇರುಕಿಕೊಂಡು, "ಇದೊಂದು ಮಾರಾಕ ಬರೂದಿಲ್ಲ, ಮನ್ಯಾಗ ಇಟಗೊಳ್ರಿ. ಹೊಸಾ ಹಾಸು ನಾಳೆ ಕಳಸ್ತೀನಿ, ಈ ಸಲ ಹಸರು ಚೌಕಡಿ ಮಾಡವಾ" ಅಂದು ಹೊಂಟ. ಮಧುಮತಿ ಹಸರು ಎಷ್ಟು ಎಳಿ ಹೊಡೀಬೇಕು ಅಂತ ಆಗಲೇ ಬೆರಳ ಮ್ಯಾಲೆ ಎಣಸಾಕ ಹತ್ತಿದ್ಲು. ಹಿಂದಿನಿಂದ ಚೌಡವ್ವ ಬಂದು ಬಾಜೂಕಿದ್ದ ಸೀರಿ ಎತ್ತಿಕೊಂಡು ಒಳಗ ಹೋದ್ಲು.

ಮುಂದಿನ ಬುಧವಾರ ಮಂದಿ ಕೂಡಿದಾಗ ಚೌಡವ್ವ ಅದ ಸೀರಿ ಉಟಗೊಂಡು ಬಂದ್ಲು. ಜೀವಮಾನ ಎಲ್ಲಾ ಮಂದಿಗೆ ನೇದಾಕಿ, ಸ್ವಂತಕ್ಕ ಒಂದೂ ಇಟಗೊಂಡಿರಲಿಲ್ಲ. ಕೆಟ್ಟ ಸಾಲು ಒಳಗ ಮುಚ್ಚಿ ನಿರಿಗಿ ಹಿಡೀಬಹುದಿತ್ತು. ಎಲ್ಲಾಕಿಂತ ಮುಂದಿನ ನಿರಿಗ್ಯಾಗ ಎದ್ದು ಕಾಣೂಹಂಗ ಹಿಡದಿದ್ಲು.

ಮಾಸ್ತರ ನೋಡಿ, "ಅಜ್ಜೀ, ಇದು ತಪ್ಪು ಬಿದ್ದ ಸಾಲಲ್ಲೇನ್ರಿ?" ಅಂದ.

"ತಪ್ಪು ಎಲ್ಲೈತೋ ಮಾಸ್ತರ? ಅವತ್ತ ನಾವೆಲ್ಲಾ ನಕ್ಕಿದ್ವಲ್ಲಾ, ಅದು ಇದು" ಅಂದು ಚೌಡವ್ವ ಸೆರಗು ಸರಿಮಾಡಕೊಂಡು ಚರಕದ ಮುಂದ ಕುಂತ್ಲು. ಮಧುಮತಿ ಆ ನಿರಿಗಿ ನೋಡಕೋಂತ ಲಾಳಿ ಹಿಡದು ಹಂಗ ಕುಂತಬಿಟ್ಟಿದ್ಲು.

"ಮುಂದ ನೋಡಲೇ ಹುಚ್ಚಿ" ಅಂದ್ಲು ಚೌಡವ್ವ, "ಲೆಕ್ಕ ತಪ್ಪೀತು."