ತಿರುಗಿ ನೋಡದ ಓಟ

ಸುನಂದಾ ಮೇಡಂ ಕಲಬುರಗಿಯ ಜಗತ್ ವೃತ್ತದ ಬಳಿಯ ಮನೆಯಿಂದ ಹೊರಟು, ಮೊದಲ ಬಸ್ಸಿಗೇ ಕಮಲಾಪುರದ ಕಾಲೇಜು ಮೈದಾನ ಸೇರುತ್ತಿದ್ದರು. ಅಲ್ಲಿ ಅವರು ದೈಹಿಕ ಶಿಕ್ಷಣ ಶಿಕ್ಷಕಿ. ಹುಡುಗಿಯರನ್ನು ಓಡಿಸುವ ಮೊದಲು ಮಾತಾಡಿಸುವುದು ಅವರ ರೂಢಿ.

ಆ ಹುಡುಗಿಯರಲ್ಲಿ ಸಬಾ ಚೆನ್ನಾಗಿ ಓಡುತ್ತಿದ್ದಳು. ಆದರೆ ಕೊನೆಯ ಸುತ್ತಿಗೆ ಬಂದರೆ ಸಾಕು, ಹಿಂದೆ ಬೀಳುತ್ತಿದ್ದಳು. ಪ್ರಿನ್ಸಿಪಾಲರಿಗೆ ಪದಕ ಬೇಕಿತ್ತು. ಊರಿನ ಕೆಂಪು ಬಾಳೆಹಣ್ಣನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗೆ ಒಯ್ದು ಮಾರುವ ಅವಳ ಅಪ್ಪ ಹಮೀದ್‌ಗೆ, ಮಗಳು ಕ್ರೀಡಾ ಕೋಟಾದಲ್ಲಿ ಪೊಲೀಸ್ ಆಗಬೇಕೆಂಬ ಆಸೆ.

"ಅವ್ರದು ಬಿಡವ್ವಾ, ನಿನಗೇನು ಬೇಕು?" ಎಂದು ಸುನಂದಾ ಕೇಳಿದರು.

ಸಬಾ ಮೈದಾನದ ಕೊನೆಯ ತಿರುವಿನ ಕಡೆ ಕೈ ತೋರಿಸಿದಳು. "ಕೊನೀ ಸುತ್ತಿನ್ಯಾಗ ಹಿಂದ ಯಾರ ಬಂದ್ರೋ ಅಂತ ಎದಿ ಹೊಡ್ಕೋತದ್ರಿ ಮೇಡಂ. ತಿರುಗಿ ನೋಡ್ತೀನಿ. ಆ ಹೆದರಿಕಿ ಹೋದ್ರ ಸಾಕ್ರಿ."

"ಹಂಗಾದ್ರ ಈ ಸಲ ಪದಕದ ಮಾತೇ ಬ್ಯಾಡ. ತಿರುಗಿ ನೋಡದಂಗ ಓಡೋದು, ಅಷ್ಟೇ ನಮ್ಮ ಗುರಿ."

ಮರುದಿನ ಸುನಂದಾ ಯಾರದೋ ಸೈಕಲ್ ಇಸಿದುಕೊಂಡು ಬಂದರು. ಸಬಾಳ ಬೆನ್ನ ಹಿಂದೆಯೇ ಗಂಟೆ ಬಾರಿಸುತ್ತ ಬರುತ್ತಿದ್ದರು. ಅವಳು ಕತ್ತು ತಿರುಗಿಸಿದರೆ ಸುತ್ತು ಮತ್ತೆ ಮೊದಲಿನಿಂದ. ಒಂದು ದಿನ ಸಬಾ ಅಳುತ್ತ ಕೂತುಬಿಟ್ಟಳು. "ನಾಳಿಂದ ನಾ ಬರಂಗಿಲ್ರಿ!"

ಸುನಂದಾ ರಮಿಸಲಿಲ್ಲ, ಗದರಲೂ ಇಲ್ಲ. ಮರುದಿನ ಬಂದು ಮೈದಾನದಲ್ಲಿ ಕಾದರು. ಅದರ ಮರುದಿನವೂ ಕಾದರು. ಬಸ್ಸಿನಲ್ಲಿ ವಾಪಸಾಗುವಾಗ, ಹುಡುಗಿಯನ್ನು ಹೆಚ್ಚೇ ಹಿಂಡಿದೆನೇನೋ ಎಂಬ ಅಳುಕು ಅವರನ್ನು ಕಾಡಿತು. ಆಮೇಲೊಂದು ಮುಂಜಾನೆ ಸಬಾ ತಾನೇ ಬಂದು ಶೂ ಕಟ್ಟಿಕೊಂಡಳು. "ಗಂಟಿ ಇನ್ನ ಜೋರಾಗಿ ಬಾರಿಸ್ರಿ" ಎಂದಳು.

ಕಲಬುರಗಿಯಲ್ಲಿ ಅಂತರ ಕಾಲೇಜು ಕ್ರೀಡಾಕೂಟ. ಹಮೀದ್ ಅಂಗಡಿ ಬಿಟ್ಟು ಬಂದಿದ್ದ. ಕೊನೆಯ ಸುತ್ತಿನಲ್ಲಿ ಸಬಾ ಎರಡನೆಯವಳು. ಹಿಂದಿನಿಂದ ಹೆಜ್ಜೆ ಸಪ್ಪಳ ಹತ್ತಿರವಾಯಿತು. ಒಬ್ಬಳು ಸಬಾಳನ್ನು ದಾಟಿಯೇ ಬಿಟ್ಟಳು. ಸಬಾಳ ಕತ್ತು ಅಲುಗಲಿಲ್ಲ. ಕಣ್ಣು ಮುಂದೆಯೇ ನೆಟ್ಟಿತ್ತು, ಕಾಲು ಸೋಲಲಿಲ್ಲ. ಮೂರನೆಯವಳಾಗಿ ಗೆರೆ ಮುಟ್ಟಿದಳು.

"ಇಷ್ಟು ಕಷ್ಟಪಟ್ಟು ಮೂರನೇದಾ ಮೇಡಂ?" ಹಮೀದ್‌ನ ಮುಖ ಸಣ್ಣದಾಗಿತ್ತು.

"ಹಮೀದ್ ಭಾಯ್, ಹೋದ ವರ್ಷ ಇದೇ ತಿರುವಿನ್ಯಾಗ ಆಕಿ ಹೆಂಗ ಹೆದರಿ ಹಿಂದ ನೋಡಿದ್ಳು, ನೆನಪದನ್ರೀ?"

ಹಮೀದ್ ಆ ತಿರುವಿನತ್ತ ನೋಡಿದ. "ಖರೇ ಅದ. ಈ ಸಲ ನೋಡಲೇ ಇಲ್ಲಲ್ರಿ ನನ್ನ ಬೇಟಿ!" ಎಂದು ಮಗಳತ್ತ ಕೈ ಬೀಸಿದ.

ಏದುಸಿರು ಬಿಡುತ್ತ ಬಂದ ಸಬಾ ನೀರನ್ನೂ ಕೇಳಲಿಲ್ಲ. "ಮೇಡಂ, ಶುರುವಿನ್ಯಾಗ ನಾ ಭಾಳ ನಿಧಾನ ಹೋಗ್ತೀನ್ರಿ. ಇನ್ನ ಮ್ಯಾಲ ಅದನ್ನ ಹಿಡಿಯೋಣ."

ಮುಂದಿನ ಗುರಿಯನ್ನು ಈ ಸಲ ಹುಡುಗಿಯೇ ಹೇಳಿದ್ದಳು. ಸುನಂದಾಗೆ ಪದಕಕ್ಕಿಂತ ಆ ಮಾತೇ ದೊಡ್ಡದೆನಿಸಿತು. "ಆಯ್ತವ್ವಾ. ನಾಳೆ ಮಲಕ್ಕೋ, ನಾಡಿದ್ದು ಬಾ" ಎಂದು ನಕ್ಕು, ಅವಳ ಹೆಗಲಿಗೆ ಟವೆಲ್ ಹೊದಿಸಿದರು.