ನಮ್ಮ ಮಾಳಿಗೆಗೆ ಬಂದ ಮಡಚುವ ಬಂದೂಕು

ನಮ್ಮ ಮನೆಯಲ್ಲಿ ಮಡಚಲು ಬರುವ ಸಾಮಾನುಗಳಿಗೆ ಕೊರತೆಯಿಲ್ಲ. ಕುರ್ಚಿ ಮಡಚುತ್ತದೆ, ಕೊಡೆ ಮಡಚುತ್ತದೆ, ನನ್ನ ಕನ್ನಡಕದ ಕಾಲುಗಳು ಮಡಚುತ್ತವೆ. ನಿವೃತ್ತನಾದಂದಿನಿಂದ ಮಡಚಲು ಒಪ್ಪದೆ ಮುಷ್ಕರ ಹೂಡಿರುವುದು ನನ್ನ ಮೊಣಕಾಲು ಮಾತ್ರ. ಆದರೆ ಬಂದೂಕೂ ಮಡಚುತ್ತದೆ ಎಂಬ ಸಂಗತಿ ನಮ್ಮದೇ ಮಾಳಿಗೆಯ ಮೇಲೆ, ಹೆಂಡತಿ ಶ್ಯಾವಿಗೆ ಒಣಹಾಕಿದ ಹಳೆಯ ಸೀರೆಯ ಪಕ್ಕದಲ್ಲಿ ನನಗೆ ಗೊತ್ತಾಯಿತು. ಆ ದಿನ ಎದೆಯೊಳಗೆ ಹೊಕ್ಕ ನಡುಕ ಇನ್ನೂ ಪೂರ್ತಿ ಹೊರಬಿದ್ದಿಲ್ಲವಾದ್ದರಿಂದ, ಅದರಲ್ಲಿ ಸ್ವಲ್ಪ ಪಾಲನ್ನು ಓದುಗ ಮಿತ್ರರಿಗೂ ಹಂಚುತ್ತಿದ್ದೇನೆ.

ಮಳೆ ಮೇಲಿಂದ ಮೇಲೆ ಕೈಕೊಟ್ಟ ವರ್ಷಗಳವು. ಬರ ನೋಡಲು ಬರುವವರ ಸುಗ್ಗಿ ಮಾತ್ರ ಚೆನ್ನಾಗಿತ್ತು. ಆ ಬೇಸಿಗೆಯಲ್ಲಿ ದಿಲ್ಲಿಯಿಂದ ದೊಡ್ಡವರೊಬ್ಬರು ಬಂದು ಔರಾದ ಕಡೆಯ ಬತ್ತಿದ ಕೆರೆಗಳನ್ನು ನೋಡುವುದೆಂದು ಗೊತ್ತಾಯಿತು. ಬೀದರಿನ ಅಂಚಿನ ನೌಬಾದದಲ್ಲಿ, ರಸ್ತೆ ತಿರುಗುವಲ್ಲೇ ನಮ್ಮ ಮನೆ. ಆ ತಿರುವಿನ ಮೇಲೆ ಕಣ್ಣಿಡುವ ಸಲುವಾಗಿ ಸರಕಾರಕ್ಕೆ ನಮ್ಮ ಮಾಳಿಗೆಯ ಮೇಲೆ ಮಮತೆ ಹುಟ್ಟಿ, ಬೆಳಗಿನಲ್ಲೇ ಇಬ್ಬರು ಪೊಲೀಸರು ಬಂದರು. ಒಬ್ಬರು ಹಿರಿಯರು, ಕೊರಳಲ್ಲಿ ದುರ್ಬೀನು. ಇನ್ನೊಬ್ಬ ಬೀರಪ್ಪ, ಮೂವತ್ತರ ಆಸುಪಾಸಿನ ಮಿತಭಾಷಿ. ಅವನ ಬೆನ್ನಿಗೆ ಕಾಲೇಜು ಹುಡುಗರದಂಥ ಗಿಡ್ಡ ಚೀಲ. ನಾನು ಔರಾದಿನ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅಂಥ ಚೀಲ ಕಂಡರೆ ಅಭ್ಯಾಸಬಲದಿಂದ ಒಳಗೆ ಪುಸ್ತಕವಿರಬಹುದೆಂದೇ ನಂಬುತ್ತೇನೆ. ಅದರಲ್ಲಿ ಪುಸ್ತಕವಿರುವುದು ಅಪರೂಪವೆಂದು ಗೊತ್ತಿದ್ದರೂ.

ಚಹಾ ಹಿಡಿದು ಮೇಲೆ ಹೋದಾಗ ಬೀರಪ್ಪ ಚೀಲದಿಂದ ಎರಡಾಗಿ ಮಡಚಿದ ಕಪ್ಪು ಕಬ್ಬಿಣವನ್ನು ಹೊರತೆಗೆದು, ಹೆಗಲಿಗೆ ಆನಿಸುವ ಹಿಂಬದಿಯ ಹಿಡಿಯನ್ನು ಕೀಲಿನ ಮೇಲೆ ತಿರುಗಿಸಿದ. ಟಕ್ಕೆಂದಿತು. ಕಣ್ಣೆದುರಿಗೆ ದೂರದ ಗುರಿಗೆ ಹೊಡೆಯುವ ಉದ್ದನೆಯ ರೈಫಲ್ಲು! ನನ್ನ ಕೈಯ ಚಹಾ ತಟ್ಟೆಗೆ ಇಳಿಯಿತು. ಮಡಚುವುದಕ್ಕೂ ಮಡಿಯುವುದಕ್ಕೂ ಭಾಷೆಯಲ್ಲಿ ಇಷ್ಟು ಹತ್ತಿರದ ನಂಟಿದೆಯೆಂದು ಇಷ್ಟು ವರ್ಷ ಪಾಠ ಹೇಳಿದ ನನಗೆ ಹೊಳೆದಿರಲಿಲ್ಲ. ಹೆದರಿಕೆ ಮುಚ್ಚಿಕೊಳ್ಳಲು ಆ ಕೀಲಿನ ಬಗ್ಗೆ ಕೇಳಿದೆ. ಬಂದೂಕಿನ ಜೊತೆಗೆ ಬಂದದ್ದಲ್ಲ, ಆಮೇಲೆ ಕೂಡಿಸಿದ್ದು ಎಂದ. ಗುಂಡು ಹಾರಿದಾಗ ಒಳಗಿನ ಯಂತ್ರ ಹಿಂದೆ ಸರಿದು ಹಿಡಿಯೊಳಗೆ ಹೋಗಿ ಬರಬೇಕಂತೆ. ಹಿಡಿ ಮಡಚಿದರೆ ಆ ದಾರಿ ಕಟ್ಟಾಗುತ್ತದೆ.

"ಮಡಚಿದಾಗ ಇದು ಬರೇ ಸಾಮಾನು ಇದ್ದಂಗ ಸರ್. ಹೊಡಿಬಾರದ್ರಿ" ಎಂದು ಹೇಳಿ ಅವನು ಬೋರಲು ಮಲಗಿ, ಬಂದೂಕಿನ ಮೇಲೆ ಕೂಡಿಸಿದ ದುರ್ಬೀನಿನ ಗಾಜಿಗೆ ಕಣ್ಣು ಹಚ್ಚಿದ.

ರಸ್ತೆಯಾಚೆ ಬೇವಿನ ಗಿಡದ ಕೆಳಗೆ ದಿನಾಲೂ ಕಾಣುವ ಜನವೇ ಇತ್ತು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬಂದು, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಲಾರಿಗಾಗಿ ಅಲ್ಲಿ ಕೂಡುತ್ತಿದ್ದರು. ದೊಡ್ಡವರು ಬರುವ ಮುಂಚೆ ಅವರನ್ನು ಅಲ್ಲಿಂದ ಎಬ್ಬಿಸಲು ಕೆಳಗಿನ ಪೊಲೀಸರು ಅವಸರ ಮಾಡುತ್ತಿದ್ದರು. ಬರ ನೋಡಲು ಬರುವವರ ಕಣ್ಣಿಗೆ ಬರ ಬೀಳಬಾರದಲ್ಲ!

ಬೀರಪ್ಪನ ಗಾಜು ಆ ಗುಂಪಿನ ಮೇಲೆ ನಿಧಾನ ಸರಿಯುತ್ತಿದ್ದದ್ದು ಒಮ್ಮೆಲೇ ನಿಂತಿತು. ಏನಾದರೂ ಅನಾಹುತ ನಡೆಯುವುದಿದೆಯೆಂದು ನಾನು ನೀರಿನ ಟ್ಯಾಂಕಿನ ಮರೆಗೆ ಸರಿದದ್ದನ್ನು ಇಲ್ಲಿ ನಾಚದೆ ದಾಖಲಿಸುತ್ತೇನೆ. ಬೀರಪ್ಪ ಎದ್ದು ಕುಳಿತ. ಹಿಡಿಯ ಕೀಲು ತಿರುಗಿಸಿ ಬಂದೂಕನ್ನು ಮಡಚಿ ಪಕ್ಕಕ್ಕೆ ಇಟ್ಟ.

"ಅಲ್ಲಿ ನಮ್ಮವ್ವ ಕುಂತಾಳ್ರಿ" ಎಂದ. "ನಾ ಬಂದೂಕ ಹಿಡದು ಅಕಿ ಮಾರಿ ನೋಡಿದ್ನಿರಿ."

ಹಿರಿಯರು ಬೈಯಬಹುದೆಂದುಕೊಂಡೆ. ಅವರು ದುರ್ಬೀನಿನಲ್ಲಿ ಗಿಡದ ಕೆಳಗೆ ಒಮ್ಮೆ ನೋಡಿ, ಅವನ ಹೆಗಲ ಮೇಲೆ ಕೈಯಿಟ್ಟರು. ಇಬ್ಬರಿಗೂ ಜಾಗ ಬಿಟ್ಟು ಕದಲುವಂತಿರಲಿಲ್ಲ. ಖಟಕ ಚಿಂಚೋಳಿಯಲ್ಲಿ ತಾಯಿ, ಅಣ್ಣ, ಅತ್ತಿಗೆ ಕುರಿ ಕಾಯ್ದುಕೊಂಡು ಆರಾಮ ಇದ್ದಾರೆಂದೇ ಬೀರಪ್ಪ ನಂಬಿದ್ದ. ಫೋನಿನಲ್ಲಿ ತಾಯಿ ಕುರಿಮರಿಗಳ ಸುದ್ದಿಯನ್ನೂ ಹೇಳಿದ್ದಳಂತೆ. ಕೆಳಗೆ ಹೋಗಿ ಆಕೆಯನ್ನು ಮಾತಾಡಿಸಲು ಉಳಿದವನು ನಾನೊಬ್ಬನೇ. ಮೊಣಕಾಲಿನ ಮುಷ್ಕರ ಆ ಹೊತ್ತಿಗೆ ತಾನಾಗಿಯೇ ಮುರಿದುಬಿತ್ತು.

ಕಾಶಮ್ಮ ಗಂಟಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ದೊಡ್ಡ ಮಗ, ತುಂಬು ಬಸುರಿ ಸೊಸೆ. ನಿಮ್ಮ ಬೀರಪ್ಪ ಎದುರಿನ ಮಾಳಿಗೆಯ ಮೇಲಿದ್ದಾನೆ, ದುರ್ಬೀನಿನಲ್ಲಿ ನಿಮ್ಮನ್ನು ಕಂಡನೆಂದು ಹೇಳಿದೆ. ಬಂದೂಕಿನ ಮಾತು ನನ್ನ ಬಾಯಿಗೆ ಬರಲಿಲ್ಲ. ಆಕೆ ತಲೆಯೆತ್ತಲಿಲ್ಲ, ನೋಡಿದರೆ ಮಗನ ಕೆಲಸಕ್ಕೆ ಕುತ್ತು ಬಂದೀತೆಂದು ಹೆದರಿದ್ದಳು. ಮೇವು ನೀರಿಲ್ಲದೆ ಹೋಳಿ ಹುಣ್ಣಿಮೆಗೇ ಕುರಿ ಮಾರಿದ್ದರು. ತಿಳಿದರೆ ಬೀರಪ್ಪ ರಜೆ ಹಾಕಿ ಓಡಿಬಂದಾನೆಂದು ಕುರಿಮರಿಗಳನ್ನು ಫೋನಿನಲ್ಲಿ ಮಾತ್ರ ಜೀವಂತ ಇಟ್ಟಿದ್ದಳು. ಅಷ್ಟರಲ್ಲಿ ಲಾರಿ ಬಂತು, ಪೊಲೀಸರು ಕೂಗಾಡಿದರು. ಅಣ್ಣ ತಮ್ಮನಿದ್ದ ಮಾಳಿಗೆಯ ಕಡೆ ಒಮ್ಮೆ ನೋಡಿ, ಅವ್ವ ಹಿಂದಿನಿಂದ ಬಸ್ಸಿಗೆ ಬರಲಿ ಎಂದು ಹೇಳಿ, ಹೆಂಡತಿಯನ್ನು ಡ್ರೈವರನ ಪಕ್ಕದ ಸೀಟಿಗೆ ಹತ್ತಿಸಿದ.

ಕಾಶಮ್ಮನನ್ನು ಮನೆಗೆ ಕರೆತಂದೆ. ಮಾಳಿಗೆಗೆ ಹೊರಗಿನವರನ್ನು ಬಿಡುವಂತಿರಲಿಲ್ಲ. ಮೇಲೆ ಮಗ, ಕೆಳಗೆ ತಾಯಿ, ನಡುವೆ ನಮ್ಮ ಮನೆಯ ಸ್ಲ್ಯಾಬು. ದೊಡ್ಡವರ ಕಾರುಗಳು ಕಪ್ಪು ಗಾಜು ಏರಿಸಿಕೊಂಡು ಭರ್ರನೆ ಹೋದವು. ಬೇವಿನ ಕೆಳಗೆ ಆಗ ಒಂದು ನಾಯಿ ಮಾತ್ರ ಮಲಗಿತ್ತು.

ಬೀರಪ್ಪ ಇಳಿದು ಬಂದವನು ತಾಯಿಯ ಎದುರು ನೆಲದ ಮೇಲೆ ಕುಳಿತ. ನನ್ನ ಹೆಂಡತಿ ಬಡಿಸಿದ ರೊಟ್ಟಿಯನ್ನು ತಾಯಿ ಮುರಿದು ಮಗನ ತಟ್ಟೆಗೆ ಹಾಕಿದಳು. ತನ್ನ ಕ್ವಾರ್ಟರ್ಸಿಗೆ ಬಾ ಎಂದು ಅವನು ಬೇಡಿಕೊಂಡ. ಆಕೆ ಒಪ್ಪಲಿಲ್ಲ.

"ಸೊಸಿಗಿ ದಿನಾ ತುಂಬ್ಯಾವ. ನಿನ್ನ ಕ್ವಾರ್ಟರ್ಸಿನಾಗ ನಾ ಏನ ಮಾಡ್ಲಿ? ಅಲ್ಲಿ ನಾ ಬೇಕು" ಎಂದಳು.

ಹೊರಗೆ ಪೊಲೀಸ್ ವ್ಯಾನು ಹಾರ್ನು ಹೊಡೆಯುತ್ತಿತ್ತು. ಬೀರಪ್ಪ ತಾಯಿಯ ಕಾಲು ಮುಟ್ಟಿ, ಚೀಲವನ್ನು ಆಕೆಗೆ ತಾಗದಂತೆ ಆಚೆ ಹಿಡಿದುಕೊಂಡೇ ಹೊರಬಿದ್ದ.

ಕಾಶಮ್ಮನನ್ನು ಬಸ್ ಸ್ಟ್ಯಾಂಡಿಗೆ ನಾನೇ ಆಟೋದಲ್ಲಿ ಕರೆದೊಯ್ದೆ. ಗಾಂಧಿ ಗಂಜ ದಾಟಿದ ಮೇಲೆ ಆಕೆ, ಆ ದುರ್ಬೀನಿನಲ್ಲಿ ಮನುಷ್ಯರು ಎಷ್ಟು ಹತ್ತಿರ ಕಾಣುತ್ತಾರೆಂದು ಕೇಳಿದಳು. ಕೈಯಿಂದ ಮುಟ್ಟುವಷ್ಟು ಹತ್ತಿರ ಎಂದೆ.

ಆಕೆ ಸೆರಗು ಸರಿಮಾಡಿಕೊಂಡಳು. "ಚಲೋ ಆಯ್ತು ಬಿಡ್ರಿ" ಎಂದಳು. "ನಾ ಅಳ್ತಿದ್ದಿಲ್ಲ ಅನ್ನೂದು ಅವಗ ಕಂಡಿರ್ತದ."